ಮಾವನವರ ಓಸಿ ಹುಚ್ಚಿಗೆ ಗುಳಿಗೆ ಕಾರಣವೇ?

ತಂಗಿ, ಇಳಕಲ್ಲಿನ ಕುಣಿಮಗ್ಗದಲ್ಲಿ ಆಯುಷ್ಯವೆಲ್ಲ ಸೀರೆ ನೇಯ್ದು, ಒಂದು ರೂಪಾಯಿಯೂ ಜೂಜಾಡದ ನಿಮ್ಮ ಮಾವನವರು ಪಾರ್ಕಿನ್ಸನ್ಸ್ ನಡುಕಕ್ಕೆ ಗುಳಿಗೆ ಶುರುವಾದ ಮೇಲೆ ಓಸಿ ಬರೆಸುತ್ತಿದ್ದಾರೆ ಎಂದಿದ್ದೀರಿ. ದಯವಿಟ್ಟು ಅವರನ್ನು ಬಯ್ಯಬೇಡಿ. ನೀವು ಕಳಿಸಿದ ಔಷಧಿ ಚೀಟಿಯಲ್ಲಿ ಪ್ರಾಮಿಪೆಕ್ಸೋಲ್ ಇದೆ. ನನ್ನ ಮೊದಲ ಅನುಮಾನ ಅದರ ಮೇಲೆಯೇ.

ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ನಡುಮಿದುಳಿನ ಡೋಪಮೈನ್ ತಯಾರಿಸುವ ಕೋಶಗಳು ಸಾಯುತ್ತವೆ. ಚಲನೆ ನಡೆಸುವ ಭಾಗಕ್ಕೆ ಡೋಪಮೈನ್ ಸಾಲದೆ ಲಾಳಿ ಹಿಡಿದ ಕೈ ನಿಧಾನವಾಗುತ್ತದೆ, ನಡುಗುತ್ತದೆ. ಈ ಗುಳಿಗೆ ಡೋಪಮೈನಿನ ವೇಷ ಹಾಕಿ ಆ ಕೊರತೆ ತುಂಬುತ್ತದೆ. ಆದರೆ ಆಸೆ, ಗೆಲುವಿನ ನಿರೀಕ್ಷೆ ಹುಟ್ಟಿಸುವ ಅಕ್ಯುಂಬೆನ್ಸ್ ಎಂಬ ಭಾಗದಲ್ಲಿ ಅಷ್ಟು ಕೊರತೆ ಇರುವುದಿಲ್ಲ. ಅಲ್ಲಿ ಗುಳಿಗೆಯ ಪ್ರಭಾವ ಅತಿಯಾಗುತ್ತದೆ. ಸೋತರೂ ಮತ್ತೆ ಆಡಬೇಕೆನಿಸುತ್ತದೆ. 2010ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾ ಅಧ್ಯಯನದಲ್ಲಿ ಈ ಬಗೆಯ ಗುಳಿಗೆ ನುಂಗುತ್ತಿದ್ದ ಶೇ 17ರಷ್ಟು ಜನರಿಗೆ ಜೂಜು, ಖರೀದಿ, ತಿನ್ನುವುದು, ಕಾಮ ಇವುಗಳಲ್ಲಿ ಒಂದಾದರೂ ಹತೋಟಿ ತಪ್ಪಿತ್ತು.

ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಅದು ಅಪಾಯ. ಬರೆದುಕೊಟ್ಟ ನರರೋಗ ವೈದ್ಯರಿಗೆ ಈ ವಾರವೇ ತಿಳಿಸಿ. ಹಂತಹಂತವಾಗಿ ಇಳಿಸಿ ಬೇರೆ ಔಷಧಿ ಹೊಂದಿಸುವವರು ಅವರೇ. ಯಾರೋ ಕೊಟ್ಟರೆಂದು ನೀವು ಬರೆದ ನಸುಗುನ್ನಿ ಪುಡಿಯ ವಿಷಯವನ್ನೂ ವೈದ್ಯರಿಂದ ಮುಚ್ಚಿಡಬೇಡಿ, ಅದರಲ್ಲಿ ಮಿದುಳಿನಲ್ಲಿ ಡೋಪಮೈನ್ ಆಗುವ ಲೆವೊಡೋಪಾ ಇದೆ. ಸದ್ಯಕ್ಕೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಅತ್ತೆಯವರ ಹತ್ತಿರ ಇರಲಿ. ಮಾವನವರಿಗೆ ಕಾರಣ ತಿಳಿಸಿಯೇ ತೆಗೆದಿಡಿ.

ಮಹಾಕೂಟದ ಹರಕೆಯ ಬಗ್ಗೆಯೂ ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ, ಅವರಿಗೆ ಸಮಾಧಾನವಾಗುತ್ತದೆ. ಪುಷ್ಕರಣಿಯ ಒದ್ದೆ ಮೆಟ್ಟಿಲಲ್ಲಿ ಮಾತ್ರ ಕೈ ಬಿಡಬೇಡಿ, ಈ ಕಾಯಿಲೆಯಲ್ಲಿ ಆಯ ತಪ್ಪುವುದು ಬೇಗ. ನಿಮಗೇ ಮನಸ್ಸು ತಡೆಯದಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.