ಜಿಟಿಜಿಟಿ ಮಳೆ ಮತ್ತು ಡೆಂಗ್ಯೂ: ಎರಡು ತಿಂಗಳ ಮೊದಲೇ ಸಿಗುವ ಸುಳಿವು



ಧೋ ಎಂದು ಮಳೆ ಸುರಿದರೆ ರೋಗ ಬರುತ್ತದೆಂದು ಹೆದರುತ್ತೇವೆ. ಬಿಟ್ಟು ಬಿಟ್ಟು ಬರುವ ಜಿಟಿಜಿಟಿ ಮಳೆಗೆ ಯಾರೂ ಹೆದರುವುದಿಲ್ಲ. ಆದರೆ ಡೆಂಗ್ಯೂ ವಿಷಯದಲ್ಲಿ ಈ ಲೆಕ್ಕ ತಿರುಗುಮುರುಗು.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಆ ನಗರದ ಹವಾಮಾನವನ್ನೂ ಡೆಂಗ್ಯೂ ಸಾವುಗಳನ್ನೂ ಹೋಲಿಸಿ ನೋಡಿ, 2025ರಲ್ಲಿ ಅಧ್ಯಯನ ಪ್ರಕಟಿಸಿದರು. ಮಳೆಗಾಲದಲ್ಲಿ ಉಷ್ಣಾಂಶ 27 ಡಿಗ್ರಿ ದಾಟಿ, ಗಾಳಿಯ ತೇವಾಂಶ 60ರಿಂದ 78 ಶೇಕಡಾ ಇದ್ದು, ಸಾಧಾರಣ ಮಳೆ ವಾರಗಟ್ಟಲೆ ಹಂಚಿ ಬಿದ್ದರೆ ಡೆಂಗ್ಯೂ ಹೆಚ್ಚುತ್ತದೆ. ಒಂದೇ ವಾರದಲ್ಲಿ 150 ಮಿಲಿಮೀಟರ್‌ಗಿಂತ ಹೆಚ್ಚು ಸುರಿದರೆ ಮೊಟ್ಟೆ, ಮರಿಗಳು ಕೊಚ್ಚಿಹೋಗಿ ರೋಗ ತಗ್ಗುತ್ತದೆ.

*ಮೊದಲೇ ತಿಳಿಯುವುದು ಹೇಗೆ?*

ಮಳೆ ಬಿದ್ದ ಮರುದಿನವೇ ಜ್ವರ ಬರುವುದಿಲ್ಲ. ನೀರು ನಿಲ್ಲಬೇಕು, ಮೊಟ್ಟೆ ಸೊಳ್ಳೆಯಾಗಬೇಕು, ಆ ಸೊಳ್ಳೆ ರೋಗಿಯನ್ನು ಕಚ್ಚಬೇಕು, ಅದರ ಹೊಟ್ಟೆಯಲ್ಲಿ ವೈರಸ್ ಬೆಳೆಯಬೇಕು, ನಂತರ ಅದು ಇನ್ನೊಬ್ಬರನ್ನು ಕಚ್ಚಬೇಕು. ಇದಕ್ಕೆಲ್ಲ ವಾರಗಳೇ ಬೇಕು. ಈ ಅಂತರವನ್ನೇ ಬಳಸಿಕೊಂಡು, ಎರಡು ತಿಂಗಳಿಗೂ ಮೊದಲೇ ಎಚ್ಚರಿಸಬಲ್ಲ ಕಂಪ್ಯೂಟರ್ ಮಾದರಿಯನ್ನು ಅವರು ರೂಪಿಸಿದ್ದಾರೆ. ಅಷ್ಟು ಸಮಯ ಸಿಕ್ಕರೆ ಪಾಲಿಕೆ ಸಿಬ್ಬಂದಿ, ಆಸ್ಪತ್ರೆ ಹಾಸಿಗೆ, ರಕ್ತನಿಧಿ ಎಲ್ಲವನ್ನೂ ಸಿದ್ಧವಾಗಿಡಬಹುದು.

ಆದರೆ ಕಂಪ್ಯೂಟರ್ ನಗರದ ಸ್ಥಿತಿ ಹೇಳೀತು, ನಿಮ್ಮ ಬಾಲ್ಕನಿಯದ್ದನ್ನಲ್ಲ. ಅಲ್ಲಿ ನೋಡಬೇಕಾದವರು ನೀವೇ.

*ಮನೆಯಲ್ಲಿ ಮಾಡಬೇಕಾದ್ದು*

1. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಡ್ರಮ್, ಬಕೆಟ್, ಕೂಲರ್, ಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಖಾಲಿ ಮಾಡಿ.
2. ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಅಲ್ಲಿ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ.
3. ಗಣೇಶನ ಹಬ್ಬಕ್ಕೋ ದಸರೆಗೋ ಊರಿಗೆ ಹೋಗುತ್ತೀರಾ? ಹತ್ತು ದಿನ ಬೀಗ ಹಾಕಿದ ಮನೆ ಸೊಳ್ಳೆಗೆ ಹೆರಿಗೆ ಮನೆಯಿದ್ದಂತೆ. ನೀರು ಬರುವುದಿಲ್ಲವೆಂದು ತುಂಬಿಟ್ಟ ಡ್ರಮ್ ಖಾಲಿ ಮಾಡಿ, ಕಮೋಡ್ ಮುಚ್ಚಿ ಹೊರಡಿ.
4. ಡೆಂಗ್ಯೂ ಸೊಳ್ಳೆ ಹೆಚ್ಚಾಗಿ ಹಗಲಲ್ಲೇ ಕಚ್ಚುತ್ತದೆ. ಮಧ್ಯಾಹ್ನ ಮಲಗುವ ಮಗುವಿಗೂ ಸೊಳ್ಳೆಪರದೆ ಬೇಕು.

*ಜ್ವರ ಬಂದರೆ*

ವೈದ್ಯರಲ್ಲಿಗೆ ಹೋಗಿ, ಇತ್ತೀಚೆಗೆ ಯಾವ ಊರಿಗೆ ಹೋಗಿದ್ದಿರೆಂದು ತಪ್ಪದೇ ತಿಳಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು.

ಜ್ವರ ಇಳಿಯಿತೆಂದು ನಿರಾಳರಾಗಬೇಡಿ. ಅಪಾಯ ಹೆಚ್ಚಾಗಿ ಕಾಣಿಸಿಕೊಳ್ಳುವುದು ಜ್ವರ ಬಿಟ್ಟ ನಂತರದ ಒಂದೆರಡು ದಿನಗಳಲ್ಲೇ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ತೀರಾ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಭಾನುವಾರ ಹತ್ತು ನಿಮಿಷ ಮನೆ ಸುತ್ತಿ ನೋಡಿ. ಸೊಸೈಟಿಯ ಟೆರೇಸನ್ನೂ ಮರೆಯಬೇಡಿ. ಊರಲ್ಲಿರುವ ಅಪ್ಪ ಅಮ್ಮನಿಗೂ ಫೋನ್ ಮಾಡಿ ಹೇಳಿ.