ಮೂರು ಮೀಟರಿನ ಕಾರು

ಕೀಬೋರ್ಡಿನಲ್ಲಿ ಕಾರು ಓಡಿಸುವವರಿಗೆ ದೊಡ್ಡ ತಲೆನೋವೆಂದರೆ ಸ್ಟೀರಿಂಗ್. ಬಾಣದ ಕೀ ಒತ್ತಿದರೆ ಚಕ್ರ ಪೂರ್ತಿ ಹೊರಳುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ, ನಡುವೆ ಏನೂ ಇಲ್ಲ. ‘ದಿ ಇಟಾಲಿಯನ್ ಜಾಬ್’ ಎಂಬ ಆಟವನ್ನು ನಾನು ಆಡಿದ್ದು ಹೀಗೆ, ಚಿಕ್ಕಪ್ಪನ ಮಗನ ಕಂಪ್ಯೂಟರಿನ ಮುಂದೆ ಕೂತು. ಪಿಕ್ಸೆಲಾಜಿಕ್ ತಂಡ ಮಾಡಿದ ಈ ಆಟ 2001ರಲ್ಲಿ ಪ್ಲೇಸ್ಟೇಷನ್‌ಗೆ, ಮರುವರ್ಷ ಕಂಪ್ಯೂಟರಿಗೆ ಬಂದಿತ್ತು. 1969ರ ಬ್ರಿಟಿಷ್ ಸಿನಿಮಾ ಒಂದರ ಕಥೆ ಅದು ಎಂದು ಗೊತ್ತಿತ್ತು. ಸಿನಿಮಾ ನೋಡಿರಲಿಲ್ಲ.

“ಅಣ್ಣಾ, ತಿರುವು ಬಂದ್ಮೇಲೆ ಬ್ರೇಕ್ ಹಿಡಿದ್ರೆ ಏನು ಪ್ರಯೋಜನ? ಮೊದ್ಲೇ ಹಿಡಿ” ಎಂದು ಅವನು ಪಕ್ಕದಲ್ಲೇ ಗೊಣಗುತ್ತಿದ್ದ. ತಿರುವಿಗೆ ಮುಂಚೆ ವೇಗ ಇಳಿಸುವುದು, ಕೀಯನ್ನು ಅದುಮಿ ಹಿಡಿಯದೆ ಟಕಟಕ ಬಡಿಯುತ್ತ ಹೊರಳುವುದು, ರಸ್ತೆ ನೆಟ್ಟಗೆ ಕಾಣತೊಡಗಿದ ಮೇಲಷ್ಟೇ ಆಕ್ಸಿಲರೇಟರ್ ಒತ್ತುವುದು. ಇಷ್ಟು ಕೈಗೆ ಹತ್ತಿದರೆ ಆಟದ ಮುಕ್ಕಾಲು ಪಾಲು ಬಂದ ಹಾಗೆ. ಮುಂದೆ ನಿಜವಾದ ಕಾರಿನಲ್ಲಿ ಘಾಟಿ ಇಳಿಯುವಾಗ ಕಲಿಸುವವರು ಹೇಳಿದ್ದೂ ಇದನ್ನೇ, ಟಕಟಕ ಒಂದನ್ನು ಬಿಟ್ಟು.

ಕಥೆ ಸರಳ. ಚಾರ್ಲಿ ಕ್ರೋಕರ್ ಎಂಬ ಲಂಡನ್ನಿನ ಕಳ್ಳ ಇಟಲಿಯ ಟ್ಯೂರಿನ್‌ಗೆ ಹೋಗಿ 40 ಲಕ್ಷ ಡಾಲರಿನ ಚಿನ್ನ ಹೊಡೆಯಬೇಕು. ಊರಿನ ಟ್ರಾಫಿಕ್ ಕಂಪ್ಯೂಟರಿನ ಟೇಪು ಬದಲಿಸಿ ಇಡೀ ನಗರವನ್ನು ಜಾಮ್ ಮಾಡುವುದು, ಆಮೇಲೆ ಕೆಂಪು, ಬಿಳಿ, ನೀಲಿ ಬಣ್ಣದ ಮೂರು ಮಿನಿ ಕೂಪರ್‌ಗಳಲ್ಲಿ ಚಿನ್ನ ತುಂಬಿಕೊಂಡು ಪಾರಾಗುವುದು. ಮುಂದೇನು ಎಂಬುದೆಲ್ಲ ಮೊದಲೇ ಗೊತ್ತಿರುವಾಗ ಕುತೂಹಲ ಎಲ್ಲಿಂದ ಬರಬೇಕು? ಬಂತು. ಬಯಲಾಟಕ್ಕೆ ಕೂತವರಿಗೆ ಪ್ರಸಂಗದ ಕಥೆ ಗೊತ್ತೇ ಇರುತ್ತದೆ, ಆದರೂ ಇವತ್ತಿನ ವೇಷಧಾರಿ ಹೇಗೆ ನಿಭಾಯಿಸುತ್ತಾನೆ ನೋಡೋಣ ಎಂದು ಬೆಳಗಿನವರೆಗೆ ಕೂರುತ್ತಾರಲ್ಲ, ಹಾಗೆ. ಇಲ್ಲಿ ವೇಷ ಕಟ್ಟಿದ್ದು ನನ್ನ ಬೆರಳುಗಳು. ಸಿನಿಮಾದ ಕಳ್ಳರಿಗೆ ಪ್ಲಾನ್ ಇರುತ್ತದೆ. ಆಟಗಾರನಿಗೆ ಇರುವುದು ಗೋಡೆಗೆ ಬಡಿದು ಬಡಿದು ಬಾಯಿಪಾಠವಾದ ದಾರಿ ಮಾತ್ರ.

ಎಷ್ಟೋ ಕಾಲದ ಮೇಲೆ ಸಿನಿಮಾ ನೋಡಿದಾಗಲೇ ಆಟದಲ್ಲಿ ಏನು ಕಾಣೆಯಾಗಿತ್ತೆಂದು ತಿಳಿದದ್ದು: ಕಾರಿನ ಅಳತೆ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಪೆಟ್ರೋಲಿಗೆ ಪರದಾಡಿದ ಬ್ರಿಟನ್ನಿಗಾಗಿ ಅಲೆಕ್ ಇಸಿಗೋನಿಸ್ ರೂಪಿಸಿದ ಕಾರು ಮಿನಿ. ರಸ್ತೆಗಿಳಿದದ್ದು 1959ರಲ್ಲಿ. ಎಂಜಿನ್ ಅಡ್ಡಲಾಗಿ ಕೂರಿಸಿದ್ದರಿಂದ ಒಟ್ಟು ಉದ್ದ ಮೂರು ಮೀಟರಿನ ಆಸುಪಾಸು, ಚಕ್ರ ಬರೀ 10 ಇಂಚು. ತಾವೇ ಮಾಡಿದ ಜಾಮ್‌ನಿಂದ ತಾವೇ ಪಾರಾಗಬೇಕಾದ ಕಳ್ಳರಿಗೆ ಇಂಥದ್ದೇ ಬೇಕು. ಕಂಬಗಳ ಸಾಲಿನ ನಡುವೆ, ಗ್ರಾನ್ ಮಾದ್ರೆ ಚರ್ಚಿನ ಮೆಟ್ಟಿಲ ಮೇಲೆ, ಪೋ ನದಿಯ ಒಡ್ಡಿನ ಮೇಲೆ ಮಿನಿಗಳು ನುಸುಳಿ ಹೋಗುತ್ತವೆ. ಪೊಲೀಸರ ಆಲ್ಫಾ ರೋಮಿಯೋ ಮುಗ್ಗರಿಸುತ್ತದೆ. ಸಿನಿಮಾದ ನಗೆ ಇರುವುದೇ ಈ ತಾರತಮ್ಯದಲ್ಲಿ. ಆಟದಲ್ಲಿ ಕ್ಯಾಮೆರಾ ನಮ್ಮ ಕಾರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹಾಗಾಗಿ ಪರದೆಯ ಮೇಲೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದೇ ಮಿನಿ! ಮೂರೂ ಒಂದರ ಹಿಂದೊಂದು ಬಳುಕುವುದನ್ನು ದೂರ ನಿಂತು ನೋಡುವ ಭಾಗ್ಯ ಓಡಿಸುವವನಿಗಿಲ್ಲ.

ಮೆಟ್ಟಿಲಿಳಿಯುವ ದೃಶ್ಯ ಬಂದಾಗ ನನ್ನ ಬೆರಳು ಕುರ್ಚಿಯ ಕೈ ಮೇಲೆ ಬಡಿಯುತ್ತಿತ್ತು ಎಂಬುದು ಬೇರೆ ಮಾತು.

ಚಿತ್ರೀಕರಣದ ಸಂಗತಿಗಳು ಆಟಕ್ಕಿಂತ ರೋಚಕ. ತನ್ನ ಕಾರುಗಳನ್ನೇ ಬಳಸಿ ಎಂದು ಫಿಯಟ್ ಮುಂದೆ ಬಂದರೂ ಚಿತ್ರತಂಡ ಮಿನಿಯನ್ನು ಬಿಡಲಿಲ್ಲ. ಫಿಯಟ್‌ನ ಲಿಂಗೊಟ್ಟೊ ಕಾರ್ಖಾನೆಯ ಮಾಳಿಗೆ ಮೇಲೆ ಕಾರು ಪರೀಕ್ಷಿಸುವ ಟ್ರ್ಯಾಕ್ ಇತ್ತು; ಸೂರಿನಿಂದ ಸೂರಿಗೆ ಹಾರುವ ದೃಶ್ಯವನ್ನು ತೆಗೆದದ್ದು ಅಲ್ಲೇ. ಫ್ರಾನ್ಸಿನ ರೆಮಿ ಜುಲಿಯೆನ್ ಮತ್ತು ಅವನ ತಂಡದವರು ನಿಜವಾಗಿ ಹಾರಿಸಿದರು. ಟ್ಯೂರಿನ್‌ನ ಒಳಚರಂಡಿ ಎಂದು ನಾವು ನಂಬುವುದು ಇಂಗ್ಲೆಂಡಿನ ಕವೆಂಟ್ರಿಯ ಕೊಳವೆಗಳು. ಮಿನಿಗಳೂ ಪೊಲೀಸ್ ಕಾರುಗಳೂ ವಾಲ್ಟ್ಸ್ ಸಂಗೀತಕ್ಕೆ ಜತೆಯಾಗಿ ಕುಣಿಯುವ ದೃಶ್ಯವನ್ನೂ ತೆಗೆದಿದ್ದರು; ಓಟದ ಬಿಸಿ ಆರೀತೆಂದೋ ಏನೋ, ಕತ್ತರಿಸಿದರು. ನನಗಂತೂ ಅದೇ ಇಷ್ಟ. ಗಡಿಯಾರ ನೋಡಿಕೊಂಡು ಓಡಿಸಬೇಕಾದ ಆಟದಲ್ಲಿ ಇಂಥ ಪೋಲಿತನಕ್ಕೆ ಜಾಗವಿಲ್ಲ.

ಮುಕ್ತಾಯದ ಕಥೆಯೂ ಅಷ್ಟೇ. ಸಿನಿಮಾದ ಕೊನೆಯಲ್ಲಿ ಕಳ್ಳರು ಚಿನ್ನದೊಂದಿಗೆ ಪರಾರಿಯಾಗುತ್ತಿದ್ದ ಬಸ್ಸು ಆಲ್ಪ್ಸ್‌ನ ಪ್ರಪಾತದಂಚಿಗೆ ಸಿಕ್ಕಿಕೊಂಡು ತೂಗುತ್ತದೆ, ಒಂದು ತುದಿಯಲ್ಲಿ ಚಿನ್ನ, ಇನ್ನೊಂದು ತುದಿಯಲ್ಲಿ ಕಳ್ಳರು. ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಟ ಹಾಗೆ ಬಿಡುವಂತಿಲ್ಲ, ಪ್ರತಿ ಸುತ್ತಿಗೂ ಪಾಸೋ ಫೇಲೋ ಹೇಳಲೇಬೇಕು.

2003ರಲ್ಲಿ ಹಾಲಿವುಡ್ ಇದೇ ಹೆಸರಿನಲ್ಲಿ ಕಥೆಯನ್ನು ಲಾಸ್ ಏಂಜಲೀಸ್‌ಗೆ ಎಳೆದೊಯ್ದಿತು. ಅದಕ್ಕೂ ಒಂದು ಆಟ ಬಂತು. ಆ ಸಿನಿಮಾವನ್ನೇ ಹಿಡಿದು 2012ರಲ್ಲಿ ಹಿಂದಿಯ ‘ಪ್ಲೇಯರ್ಸ್’ ಆಯಿತು. ಲಾಸ್ ಏಂಜಲೀಸಿನ ಮೆಟ್ರೋ ಸುರಂಗದೊಳಗೆ ಪೆಟ್ರೋಲ್ ಎಂಜಿನ್ ಓಡಿಸಲು ಅನುಮತಿಯಿಲ್ಲವೆಂದು 2003ರ ಚಿತ್ರತಂಡ ಮಿನಿಗಳಿಗೆ ವಿದ್ಯುತ್ ಮೋಟಾರು ಜೋಡಿಸಬೇಕಾಯಿತಂತೆ. ಕೀಬೋರ್ಡಿನ ಡ್ರೈವರುಗಳಿಗೆ ಆ ತಾಪತ್ರಯವಿಲ್ಲ.