ಜಾಲಪುಟಕ್ಕೊಂದು ಸುಗಮವಾದ ವಿಳಾಸ

ಮಳವಳ್ಳಿಯ ಮಿತ್ರರೊಬ್ಬರಿಗೆ ಕಾಗದ ಬರೆಯುವಾಗ ಲಕೋಟೆಯ ಮೇಲೆ ಹೆಸರು, ಬೀದಿ, ಊರು, ಜಿಲ್ಲೆಗಳನ್ನು ಬರೆದು ಕೊನೆಯಲ್ಲಿ 571430 ಎಂಬ ಪಿನ್ ಸಂಖ್ಯೆಯನ್ನು ನಮೂದಿಸುತ್ತೇವೆ. 1972ರಲ್ಲಿ ಜಾರಿಗೆ ಬಂದ ಈ ಪದ್ಧತಿ ಅಂಚೆಯನ್ನು ವಿಂಗಡಿಸುವವರಿಗೆ ಬಹಳ ಉಪಕಾರಿ. ಆದರೆ ಬರಿಯ ಸಂಖ್ಯೆಯನ್ನು ಕಂಡವನಿಗೆ ಅದು ಮಳವಳ್ಳಿಯದೋ, ಮದ್ದೂರಿನದೋ, ಮಂಡ್ಯದ್ದೋ ತಿಳಿಯುವಂತಿಲ್ಲ. ಅಂತರಜಾಲದ ಪುಟಗಳ ವಿಳಾಸಗಳಲ್ಲಿಯೂ ಇಂತಹುದೇ ಎರಡು ಬಗೆಗಳುಂಟು: ಯಂತ್ರಕ್ಕೆ ಮಾತ್ರ ಅರ್ಥವಾಗುವುವು, ಮನುಷ್ಯನಿಗೂ ಅರ್ಥವಾಗುವುವು.

ಮಂಡ್ಯದ ಕಾಲೇಜೊಂದರ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯನ್ನು ಕುರಿತು ಒಂದು ಜಾಲತಾಣವನ್ನು ರಚಿಸಿದರೆಂದು ಭಾವಿಸೋಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ ವೃತ್ತಾಂತ ಅದರ ಒಂದು ಪುಟದಲ್ಲಿದೆ. ತಾಣದ ಹೆಸರಿನ ಮುಂದೆ ಈ ಪುಟದ ಹಾದಿಯನ್ನು ‘ಪುಟ?ಐಡಿ=4713&ವರ್ಗ=9’ ಎಂದು ಬರೆಯಬಹುದು; ‘ಶಿವನಸಮುದ್ರ/ವಿದ್ಯುದಾಗಾರ’ ಎಂದೂ ಬರೆಯಬಹುದು. ಎರಡನೆಯದನ್ನು ಓದಿದವನಿಗೆ ಪುಟವನ್ನು ತೆರೆಯುವ ಮುನ್ನವೇ ಅದರ ವಿಷಯ ತಿಳಿಯುತ್ತದೆ.

ಇದರಿಂದ ಗೂಗಲ್‌ನಂತಹ ಶೋಧಕ ಯಂತ್ರಗಳ ಪಟ್ಟಿಯಲ್ಲಿ ಪುಟವು ಮೇಲಕ್ಕೇರುವುದೇ? ಈ ವಿಷಯದಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ವಿಳಾಸದಲ್ಲಿರುವ ಪದಗಳಿಂದ ಪುಟದ ಸ್ಥಾನಕ್ಕೆ ಆಗುವ ಲಾಭ ತೀರ ಅಲ್ಪವೆಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿಯೇ ಹೇಳಿದೆ. ‘ಮಂಡ್ಯ-ಮದ್ದೂರು-ಮಳವಳ್ಳಿ-ಪ್ರವಾಸ-ಜಲಪಾತ’ ಎಂದು ಕಂಡ ಪದಗಳನ್ನೆಲ್ಲ ಪೋಣಿಸುವುದು, ಲಕೋಟೆಯ ಮೇಲೆ ಬಿರುದಾವಳಿಗಳನ್ನು ಬರೆದರೆ ಕಾಗದ ಬೇಗ ತಲಪೀತೆಂದು ನಂಬಿದಂತೆ! ಪದಗಳ ನಡುವೆ ಕಿರುಗೆರೆಯಿದ್ದರೆ ಯಂತ್ರವು ಅವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ, ಅಷ್ಟು ಸಾಕು.

ನಿಜವಾದ ಪ್ರಯೋಜನ ಬೇರೆಡೆಯಲ್ಲಿದೆ. ಶೋಧಕ ಯಂತ್ರವು ಕೊಂಡಿಯಿಂದ ಕೊಂಡಿಗೆ ಸಂಚರಿಸುತ್ತ ಪುಟಗಳನ್ನು ಸಂಗ್ರಹಿಸುತ್ತದೆ. ‘ಐಡಿ’ ಮೊದಲು ಬಂದು ‘ವರ್ಗ’ ಅನಂತರ ಬಂದರೆ ಒಂದು ವಿಳಾಸ. ಕ್ರಮ ತಲೆಕೆಳಗಾದರೆ ಇನ್ನೊಂದು. ಸಂದರ್ಶಕನ ಗುರುತಿನ ಸಂಖ್ಯೆ ಸೇರಿದರೆ ಮತ್ತೊಂದು. ಪುಟವು ಒಂದೇ ಆದರೂ ಯಂತ್ರಕ್ಕೆ ಹಲವಾಗಿ ತೋರಿ, ಅದರ ಶ್ರಮ ವ್ಯರ್ಥವಾಗುತ್ತದೆ. ಈ ತೊಡಕಿಗೆ ಪರಿಹಾರವಾಗಿ, ಇರುವ ಹಲವು ವಿಳಾಸಗಳಲ್ಲಿ ಮೂಲವು ಯಾವುದೆಂದು ಪುಟದೊಳಗೇ ಸೂಚಿಸುವ ಏರ್ಪಾಡನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು 2009ರಲ್ಲಿ ಒಟ್ಟಾಗಿ ತಂದವು. ಮೊದಲೇ ಒಂದು ಪುಟಕ್ಕೆ ಒಂದೇ ವಿಳಾಸವನ್ನು ಕೊಟ್ಟಿದ್ದರೆ ಚಿಕಿತ್ಸೆಯ ಅಗತ್ಯವೇ ಇಲ್ಲ.

ಕನ್ನಡಿಗರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಹಾದಿಯನ್ನು ಯಾವ ಲಿಪಿಯಲ್ಲಿ ಬರೆಯಬೇಕು? ಕನ್ನಡ ವಿಕಿಪೀಡಿಯದಲ್ಲಿ ಮಂಡ್ಯವನ್ನು ಕುರಿತ ಪುಟದ ವಿಳಾಸವು ‘ಮಂಡ್ಯ’ ಎಂಬ ಕನ್ನಡ ಪದದಲ್ಲಿಯೇ ಮುಗಿಯುತ್ತದೆ. ಗಣಕಯಂತ್ರದ ಲೆಕ್ಕದಲ್ಲಿ ಈ ಪದದಲ್ಲಿ ಐದು ಚಿಹ್ನೆಗಳಿವೆ: ಮ, ಅನುಸ್ವಾರ, ಡ, ವಿರಾಮ, ಯ. ಪ್ರತಿಯೊಂದಕ್ಕೂ ಮೂರು ಬೈಟ್‌ಗಳಂತೆ ಒಟ್ಟು 15 ಬೈಟ್‌ಗಳು. ಜಾಲದಲ್ಲಿ ಸಾಗುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆಯಾಗಿಯೂ ಎರಡು ಸಂಕೇತಾಕ್ಷರಗಳಾಗಿಯೂ ಮಾರ್ಪಡುತ್ತದೆ. ‘ಮ’ ಎಂಬುದು ‘%ಇ0%ಬಿ2%ಎಇ’ ಆಗುತ್ತದೆ. ಪುಟ್ಟ ‘ಮಂಡ್ಯ’ 45 ಚಿಹ್ನೆಗಳಷ್ಟು ಬೆಳೆಯುತ್ತದೆ! ಬ್ರೌಸರ್ ಇದನ್ನು ಮರಳಿ ಕನ್ನಡವಾಗಿ ತೋರಿಸುತ್ತದೆ, ಶೋಧಕ ಯಂತ್ರಕ್ಕೂ ಇದು ತೊಡಕಲ್ಲ. ಆದರೆ ವಿಳಾಸವನ್ನು ನಕಲು ಮಾಡಿ ಮಿತ್ರರಿಗೆ ಕಳುಹಿಸಿದಾಗ ಅನೇಕ ವೇಳೆ ಆ ವಿಕಾರರೂಪವೇ ಹೊರಬೀಳುತ್ತದೆ. ರೋಮನ್ ಲಿಪಿಯನ್ನು ಆಶ್ರಯಿಸಿದರೆ ಲಕಾರ ಳಕಾರಗಳ ಭೇದ ಅಳಿಯುತ್ತದೆ. ‘ಮದ್ದೂರು’ ಪದದ ಕೊನೆಯ ಉಕಾರವನ್ನು ಒಬ್ಬರು ಬರೆದರೆ ಇನ್ನೊಬ್ಬರು ಬಿಡುತ್ತಾರೆ. ಕನ್ನಡದ ಓದುಗರಿಗಾಗಿ ಬರೆದ ಪುಟಕ್ಕೆ ಕನ್ನಡ ಲಿಪಿಯೇ ಮೇಲೆಂದು ನನ್ನ ಅಭಿಪ್ರಾಯ. ಯಾವುದನ್ನು ಆರಿಸಿಕೊಂಡರೂ ತಾಣದ ಉದ್ದಕ್ಕೂ ಅದೊಂದನ್ನೇ ಪಾಲಿಸತಕ್ಕದ್ದು.

ಹಾದಿಯಲ್ಲಿ ಜಿಲ್ಲೆ, ತಾಲ್ಲೂಕುಗಳ ಹೆಸರನ್ನೂ ಸೇರಿಸಬೇಕೇ? ಪ್ರಾಚೀನ ಶಾಸನಸ್ತಂಭದಿಂದ ಪ್ರಸಿದ್ಧವಾದ ಮತ್ತೊಂದು ಮಳವಳ್ಳಿ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಎರಡು ಊರುಗಳಿಗೂ ತಾಣದಲ್ಲಿ ಎಡೆಯಿದ್ದರೆ ವಿಂಗಡಣೆ ಬೇಕೇ ಬೇಕು. ಆದರೆ ಇದರಲ್ಲೊಂದು ಅಪಾಯವೂ ಉಂಟು. ಶಿವನಸಮುದ್ರದ ಗಗನಚುಕ್ಕಿ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು. ಅದರ ನೆರೆಯ ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು. ಕೊಳ್ಳೇಗಾಲವು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂದಿತು. 1997ರಲ್ಲಿ ಚಾಮರಾಜನಗರಕ್ಕೆ ಸೇರಿತು. ನೀರು ಧುಮುಕುವ ಜಾಗ ಒಂದಂಗುಲವೂ ಸರಿಯಲಿಲ್ಲ. ವಿಳಾಸದಲ್ಲಿ ಜಿಲ್ಲೆಯಿದ್ದಿದ್ದರೆ ಅದನ್ನು ಎರಡು ಬಾರಿ ತಿದ್ದಬೇಕಾಗುತ್ತಿತ್ತು. ಮಂಡ್ಯ ಜಿಲ್ಲೆಯೇ 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟದ್ದು.

ಕಾಲಕ್ರಮದಲ್ಲಿ ಬದಲಾಗಬಹುದಾದ ಸಂಗತಿಗಳನ್ನು ವಿಳಾಸದಲ್ಲಿ ಸೇರಿಸಬಾರದೆಂದು ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಬರೆದಿದ್ದರು. ವಿಳಾಸ ಬದಲಾದರೆ ಅದುವರೆಗೆ ಇತರರು ಕೊಟ್ಟಿದ್ದ ಕೊಂಡಿಗಳೆಲ್ಲ ಕಡಿದುಹೋಗುತ್ತವೆ. ಶೋಧಕ ಯಂತ್ರವು ಪುಟದ ಬೆಲೆಯನ್ನು ಅಳೆಯುವಾಗ ಈ ಕೊಂಡಿಗಳನ್ನೂ ಗಣನೆಗೆ ತೆಗೆದುಕೊಳ್ಳುತ್ತದೆ. ಬದಲಾವಣೆ ಅನಿವಾರ್ಯವಾದಲ್ಲಿ, ಮನೆ ಬದಲಾಯಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ತಿಳಿಸುವಂತೆ, ಸರ್ವರ್ ‘301’ ಎಂಬ ಸಂಕೇತದೊಡನೆ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸಬೇಕು. ಈ ಏರ್ಪಾಡನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಿಕೊಳ್ಳಬೇಕೆಂಬುದು ಗೂಗಲ್‌ನ ಸಲಹೆ.